ಬೆನ್ನುನೋವಿನ ಇಂಜೆಕ್ಷನ್‌ಗೆ ಮುಂಚೆ ಟಿಬಿ ಟೆಸ್ಟ್ ಯಾಕೆ? ಕೆಮ್ಮೇ ಇಲ್ಲದವನಿಗೆ ಟಿಬಿ ಮಾತ್ರೆನಾ?

ಗಿರಿ_ಹಾಸನ · ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇದೆ, ಅಂದ್ರೆ ಉರಿಯೂತದಿಂದ ಬೆನ್ನುಮೂಳೆಯ ಕೀಲುಗಳು ಬಿಗಿಯೋ ಕಾಯಿಲೆ. ಇನ್ನೂ ಮೂವತ್ತು ತುಂಬಿಲ್ಲ, ಬೆಳಿಗ್ಗೆ ಎದ್ದು ಒಂದು ಗಂಟೆಯಾದರೂ ಬಗ್ಗಿ ಚಪ್ಪಲಿ ಹಾಕಿಕೊಳ್ಳೋಕೆ ಆಗಲ್ಲ. ನೋವಿನ ಮಾತ್ರೆಗಳೆಲ್ಲ ಮುಗಿದು ಈಗ ರುಮಟಾಲಜಿಸ್ಟ್ (ಕೀಲುರೋಗದ ಡಾಕ್ಟರ್) ಅಡಾಲಿಮುಮ್ಯಾಬ್ ಅನ್ನೋ ಇಂಜೆಕ್ಷನ್ ಹೇಳಿದ್ದಾರೆ, ಹದಿನೈದು ದಿನಕ್ಕೊಂದು. ಶುರು ಮಾಡೋ ಮುಂಚೆ ಎದೆ ಎಕ್ಸ್‌ರೇ, ಟಿಬಿ ಗೋಲ್ಡ್ ಅನ್ನೋ ರಕ್ತಪರೀಕ್ಷೆ ಎರಡೂ ಮಾಡಿಸಿದ್ರು. ಎಕ್ಸ್‌ರೇ ಕ್ಲೀನ್. ಟಿಬಿ ಗೋಲ್ಡ್ ಪಾಸಿಟಿವ್. ಈಗ ಮೊದಲು ಟಿಬಿ ತಡೆಯೋ ಮಾತ್ರೆ ತಗೋಬೇಕಂತೆ, ಇಂಜೆಕ್ಷನ್ ಆಮೇಲಂತೆ.

ತಮ್ಮ ಒಪ್ಪುತ್ತಿಲ್ಲ. "ಕೆಮ್ಮಿಲ್ಲ, ಜ್ವರ ಇಲ್ಲ, ತೂಕ ಇಳಿದಿಲ್ಲ. ಬೆನ್ನು ತೋರಿಸೋಕೆ ಹೋದ್ರೆ ಎದೆಗೆ ಔಷಧಿ ಕೊಡ್ತಾರೆ" ಅಂತ ಜಗಳ. ಮನೇಲಿ ಅಮ್ಮ ಬೇರೆ ಟಿಬಿ ಅನ್ನೋ ಮಾತು ಕೇಳಿ ಊಟ ಬಿಟ್ಟು ಕೂತಿದ್ದಾರೆ, ಹುಡುಗಿ ನೋಡ್ತಿರೋ ಸಮಯ. ಬೆನ್ನುಮೂಳೆ ಇಂಜೆಕ್ಷನ್‌ಗೂ ಶ್ವಾಸಕೋಶದ ರೋಗಕ್ಕೂ ಏನು ಸಂಬಂಧ? ತಿಳಿದವರು ಯಾರಾದರೂ ಬಿಡಿಸಿ ಹೇಳಿದರೆ ಅವನಿಗೆ ಓದಿಸ್ತೀನಿ.

ಮಂಗಳಕ್ಕ_ಮೈಸೂರು · ಶನಿವಾರ, ರಾತ್ರಿ 10:05

ಗಿರಿ, ಮೊದಲು ಅಮ್ಮನಿಗೆ ಊಟ ಮಾಡೋಕೆ ಹೇಳಪ್ಪ. ತಮ್ಮನಿಗೆ ಟಿಬಿ ಕಾಯಿಲೆ ಇಲ್ಲ, ಯಾರಿಗೂ ಅವನಿಂದ ಅಂಟಲ್ಲ. ನನಗೆ ರುಮಟಾಯ್ಡ್ ಅನ್ನೋ ಕೀಲುವಾತ, ಇದೇ ಇಂಜೆಕ್ಷನ್. ನನಗೂ ಮುಂಚೆ ಐಸೋನಿಯಾಜಿಡ್ ಕೊಟ್ಟಿದ್ದರು, ಆರು ತಿಂಗಳ ಕೋರ್ಸು. ಮೊದಲ ತಿಂಗಳು ಮುಗಿದ ಮೇಲೆ ಇಂಜೆಕ್ಷನ್ ಶುರು ಮಾಡಿ, ಮಾತ್ರೆಯನ್ನ ಅದರ ಜೊತೆಗೇ ಮುಂದುವರಿಸಿದ್ರು. ಪಾದ ಜೋಮು ಹಿಡಿಯುತ್ತೆ ಅಂತ ಬಿ6 ವಿಟಮಿನ್ ಸೇರಿಸಿದ್ರು, ನಡುವೆ ಲಿವರ್ ಟೆಸ್ಟ್ ಮಾಡಿಸಿದ್ರು, ಅಷ್ಟೇ.

ನಮ್ಮ ವಾರಗಿತ್ತಿ ಕಥೆ ಬೇರೆ. ಅವಳಿಗೆ ಒಂದು ಕಡೆ (ಹೆಸರು ಬೇಡ) ಟೆಸ್ಟ್ ಮಾಡಿಸದೇ ಇಂಥದ್ದೇ ಇಂಜೆಕ್ಷನ್ ಶುರು ಮಾಡಿದ್ರು. ಕೀಲು ಹಗುರಾಯ್ತು ಅಂತ ಖುಷಿಯಾಗಿದ್ದಳು. ಆಮೇಲೆ ಹೊಟ್ಟೆ ಉಬ್ಬೋಕೆ ಶುರುವಾಯ್ತು. ಗ್ಯಾಸ್ ಅಂದ್ರು, ಓಂಕಾಳು ನೀರು ಕುಡಿಸಿದ್ರು. ಕೊನೆಗೆ ಹೊಟ್ಟೆಯಿಂದ ನೀರು ತೆಗೆದು ನೋಡಿದ್ರೆ ಹೊಟ್ಟೆಯೊಳಗಿನ ಟಿಬಿ. ಕೆಮ್ಮು ಅವಳಿಗೂ ಒಂದು ದಿನ ಇರಲಿಲ್ಲ ಕಣಪ್ಪ.

ಸೂಕ್ಷ್ಮದರ್ಶಕ · ಶನಿವಾರ, ರಾತ್ರಿ 11:30

ಮೆಡಿಕಲ್ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುವವನು ನಾನು. ಗಿರಿಯವರ ತಮ್ಮನ ಪ್ರಶ್ನೆ ಸರಿಯಾಗೇ ಇದೆ. ಉತ್ತರ ಸ್ವಲ್ಪ ಉದ್ದ.

ಟಿಬಿ ರೋಗಿ ಕೆಮ್ಮಿದಾಗ ಗಾಳಿಯಲ್ಲಿ ತೇಲುವ ಹನಿಯ ಜೊತೆ ಒಂದೆರಡು ಬ್ಯಾಕ್ಟೀರಿಯಾ ನಮ್ಮ ಶ್ವಾಸಕೋಶದ ತುದಿಯ ಗಾಳಿಚೀಲದವರೆಗೆ ಹೋಗುತ್ತವೆ. ಅಲ್ಲಿ ಮ್ಯಾಕ್ರೋಫೇಜ್ ಅನ್ನುವ ಜೀವಕೋಶ ಸದಾ ಓಡಾಡಿಕೊಂಡಿರುತ್ತದೆ. ಧೂಳು, ಸತ್ತ ಕೋಶ, ಬ್ಯಾಕ್ಟೀರಿಯಾ ಏನು ಸಿಕ್ಕರೂ ನುಂಗುವುದು ಅದರ ಕೆಲಸ. ನುಂಗಿದ್ದು ಒಂದು ಪೊರೆಚೀಲದೊಳಗೆ ಸೇರುತ್ತದೆ, ಆ ಚೀಲಕ್ಕೆ ಲೈಸೋಸೋಮ್ ಬಂದು ಕೂಡಿಕೊಂಡು ಆಮ್ಲವನ್ನೂ ಕಿಣ್ವಗಳನ್ನೂ ಸುರಿಯುತ್ತದೆ. ಸಾಮಾನ್ಯ ಬ್ಯಾಕ್ಟೀರಿಯಾದ ಕಥೆ ಅಲ್ಲಿಗೆ ಮುಗಿಯಿತು.

ಟಿಬಿ ಬ್ಯಾಕ್ಟೀರಿಯಾ ಮಾತ್ರ ಆ ಕೂಡಿಕೆಯನ್ನೇ ತಡೆಯುತ್ತದೆ. 1971ರಲ್ಲೇ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಇದನ್ನು ಕಂಡಿದ್ದರು: ಬದುಕಿರುವ ಬ್ಯಾಕ್ಟೀರಿಯಾ ಕೂತ ಚೀಲದ ಹತ್ತಿರ ಲೈಸೋಸೋಮ್ ಸೇರುವುದಿಲ್ಲ, ಸತ್ತದ್ದನ್ನು ನುಂಗಿಸಿದರೆ ಸೇರುತ್ತದೆ. ಅಂದರೆ ನಮ್ಮನ್ನು ಕಾಯಬೇಕಾದ ಕೋಶದ ಹೊಟ್ಟೆಯಲ್ಲೇ ಅದು ಬಿಡಾರ ಹೂಡುತ್ತದೆ. ಅವಸರವೂ ಇಲ್ಲ ಅದಕ್ಕೆ. ಇ. ಕೋಲೈ ಒಳ್ಳೆ ಆಹಾರ ಸಿಕ್ಕರೆ 20 ನಿಮಿಷಕ್ಕೆ ಎರಡಾಗುತ್ತದೆ, ಇದು ಎರಡಾಗಲು ಹೆಚ್ಚುಕಡಿಮೆ ಒಂದು ದಿನ ತಗೊಳ್ಳುತ್ತದೆ.

ಇಲ್ಲಿಂದ ಮುಂದೆ ಮ್ಯಾಕ್ರೋಫೇಜ್ ಒಂದರ ಕೈಯಲ್ಲಿ ಆಗುವ ಕೆಲಸವಲ್ಲ. ಡೆಂಡ್ರಿಟಿಕ್ ಕೋಶಗಳು ಬ್ಯಾಕ್ಟೀರಿಯಾದ ಚೂರುಗಳನ್ನು ಹತ್ತಿರದ ದುಗ್ಧರಸಗ್ರಂಥಿಗೆ ಒಯ್ದು ಟಿ ಕೋಶಗಳೆಂಬ ಬಿಳಿ ರಕ್ತಕಣಗಳಿಗೆ ತೋರಿಸುತ್ತವೆ, ಜೊತೆಗೆ ಐಎಲ್-12 ಅನ್ನುವ ಸಂಕೇತ ಕೊಡುತ್ತವೆ. ಆ ಚೂರನ್ನು ಗುರುತಿಸಬಲ್ಲ ಟಿ ಕೋಶಗಳು ವಂಶ ಬೆಳೆಸಿಕೊಂಡು ಶ್ವಾಸಕೋಶಕ್ಕೆ ಬರುವಷ್ಟರಲ್ಲಿ ವಾರಗಳೇ ಕಳೆದಿರುತ್ತವೆ. ಬಂದವು ಇಂಟರ್‌ಫೆರಾನ್ ಗಾಮಾ ಸುರಿಸುತ್ತವೆ. ಈ ಅಣು ತಾಗಿದ ಮ್ಯಾಕ್ರೋಫೇಜ್ ಬೇರೆಯೇ ಆಗಿಬಿಡುತ್ತದೆ. ತಡೆದು ನಿಂತಿದ್ದ ಲೈಸೋಸೋಮ್ ಕೂಡಿಕೊಳ್ಳುತ್ತದೆ, ಚೀಲ ಹುಳಿಯಾಗುತ್ತದೆ, ಬ್ಯಾಕ್ಟೀರಿಯಾಕ್ಕೆ ಬೇಕಾದ ಕಬ್ಬಿಣ ಸಿಗದ ಹಾಗಾಗುತ್ತದೆ.

ಇನ್ನೊಂದು ಅಣು ಟಿಎನ್‌ಎಫ್, ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್. ಮ್ಯಾಕ್ರೋಫೇಜ್‌ಗಳೂ ಟಿ ಕೋಶಗಳೂ ಇದನ್ನು ಬಿಡುತ್ತವೆ. ರಕ್ತನಾಳದ ಒಳಗೋಡೆಯನ್ನು ಅಂಟಂಟಾಗಿಸಿ ಹೊಸ ಕೋಶಗಳು ಇಳಿದು ಬರುವಂತೆ ಮಾಡುವುದು, ಕರೆಯುವ ಕೀಮೋಕೈನ್‌ಗಳನ್ನು ಹೊರಡಿಸುವುದು, ಸೋಂಕಿತ ಮ್ಯಾಕ್ರೋಫೇಜ್ ಒಡೆದು ಹೋಗದಂತೆ ಹಿಡಿದಿಡುವುದು ಇದರ ಕೆಲಸ. ಇಷ್ಟೆಲ್ಲ ಸೇರಿ ಆ ಜಾಗದಲ್ಲಿ ಗ್ರಾನುಲೋಮಾ ಅನ್ನುವ ಸಣ್ಣ ಗಂಟು ಕಟ್ಟುತ್ತದೆ. ನಡುವೆ ಮ್ಯಾಕ್ರೋಫೇಜ್‌ಗಳು, ಕೆಲವು ಒಂದಕ್ಕೊಂದು ಬೆಸೆದು ಹತ್ತಾರು ನ್ಯೂಕ್ಲಿಯಸ್‌ಗಳ ದೈತ್ಯಕೋಶವಾಗಿರುತ್ತವೆ. ಸ್ಲೈಡಿನಲ್ಲಿ ಆ ನ್ಯೂಕ್ಲಿಯಸ್‌ಗಳು ಕುದುರೆ ಲಾಳದ ಆಕಾರಕ್ಕೆ ಅಂಚಿನಲ್ಲಿ ಸಾಲಾಗಿ ನಿಂತಿರುವುದನ್ನು ನೋಡಿದ ವಿದ್ಯಾರ್ಥಿ ಪರೀಕ್ಷೆಯಲ್ಲಿ ಎಂದೂ ಮರೆಯುವುದಿಲ್ಲ. ಸುತ್ತ ಟಿ ಕೋಶಗಳ ಪಟ್ಟಿ.

ಈ ಗಂಟನ್ನು ಕಟ್ಟಿ ಮುಗಿಸಿದ ಕಲ್ಲಿನ ಗೋಡೆ ಅಂದುಕೊಳ್ಳಬೇಡಿ. ಗದ್ದೆಯ ಬದುವಿನ ಹಾಗೆ ಅದು, ದಿನಾ ಯಾರಾದರೂ ಮಣ್ಣು ಮೆತ್ತುತ್ತಿದ್ದರೆ ಮಾತ್ರ ನೀರು ನಿಲ್ಲುತ್ತದೆ. ಹಳೇ ಕೋಶ ಸಾಯುತ್ತದೆ, ಹೊಸದು ಬರುತ್ತದೆ, ಬರಲು ಟಿಎನ್‌ಎಫ್ ಸಂಕೇತ ಇರಬೇಕು. ಬ್ಯಾಕ್ಟೀರಿಯಾ ಒಳಗೆ ಸತ್ತಿಲ್ಲ, ಬೆಳೆಯಲು ಬಿಟ್ಟಿಲ್ಲ ಅಷ್ಟೇ. ಇದಕ್ಕೇ ಸುಪ್ತ ಟಿಬಿ ಅನ್ನುವುದು. ಜಗತ್ತಿನ ಸುಮಾರು ಕಾಲು ಭಾಗ ಜನರಿಗೆ ಹೀಗೆ ಸೋಂಕು ತಗುಲಿದೆ ಅಂತ ಅಂದಾಜು. ನಮ್ಮ ದೇಶದಲ್ಲಿ 2019–21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 15 ವರ್ಷ ದಾಟಿದವರಲ್ಲಿ ಸುಮಾರು 31% ಜನರಲ್ಲಿ ಸೋಂಕಿನ ಗುರುತು ಸಿಕ್ಕಿತ್ತು. ಇವರಲ್ಲಿ ಜೀವಮಾನದಲ್ಲಿ ರೋಗವಾಗಿ ಏಳುವುದು 5ರಿಂದ 10% ಜನರಿಗೆ. ಗಿರಿಯವರ ತಾಯಿಗೆ ಇದನ್ನೇ ಹೇಳಿ: ನೋಡಲು ಹೋಗುವ ಹುಡುಗಿಯ ಮನೆಯಲ್ಲೂ ಮೂವರಲ್ಲಿ ಒಬ್ಬರಿಗೆ ಇರಬಹುದು.

ಈಗ ಇಂಜೆಕ್ಷನ್ ವಿಷಯ. ಅಡಾಲಿಮುಮ್ಯಾಬ್ ಮಾಡುವುದು ಒಂದೇ ಕೆಲಸ, ಟಿಎನ್‌ಎಫ್ ಅನ್ನು ಹಿಡಿದು ನಿಷ್ಕ್ರಿಯ ಮಾಡುವುದು. ತಮ್ಮನ ಬೆನ್ನುಮೂಳೆಯ ಬುಡದಲ್ಲಿ ಬೇಡದ ಉರಿಯೂತ ನಡೆಸುತ್ತಿರುವುದೂ ಟಿಎನ್‌ಎಫ್, ಶ್ವಾಸಕೋಶದ ಗಂಟನ್ನು ಕಾಯುತ್ತಿರುವುದೂ ಟಿಎನ್‌ಎಫ್. ಔಷಧಿಗೆ ಬೆನ್ನು ಯಾವುದು ಎದೆ ಯಾವುದು ಗೊತ್ತಿಲ್ಲ.

ಇದು ಬರೀ ಊಹೆಯಲ್ಲ. ಇದೇ ಗುಂಪಿನ ಮೊದಲ ಔಷಧಿಗಳಲ್ಲಿ ಒಂದಾದ ಇನ್‌ಫ್ಲಿಕ್ಸಿಮ್ಯಾಬ್ 1998ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. 2001ರಲ್ಲಿ ಅದನ್ನು ತಗೊಂಡ 70 ಮಂದಿಗೆ ಟಿಬಿ ಬಂದ ವರದಿ ಪ್ರಕಟವಾಯಿತು. ಅವರಲ್ಲಿ 48 ಮಂದಿಗೆ ಮೂರು ಡೋಸ್ ಅಥವಾ ಅದಕ್ಕೂ ಕಡಿಮೆಯಲ್ಲೇ ರೋಗ ಕಾಣಿಸಿತ್ತು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಟಿಬಿ ಶ್ವಾಸಕೋಶದ ಹೊರಗಿತ್ತು, ಮಂಗಳಕ್ಕನವರ ವಾರಗಿತ್ತಿಗೆ ಆದ ಹಾಗೆ. 70ರಲ್ಲಿ 64 ಮಂದಿ ಟಿಬಿ ಅಪರೂಪವಾಗಿರುವ ದೇಶದವರು. ಅಲ್ಲೇ ಹಾಗಾದರೆ ನಮ್ಮಲ್ಲಿ? ಅಂದಿನಿಂದ ಈ ಇಂಜೆಕ್ಷನ್‌ಗೆ ಮುಂಚೆ ಟಿಬಿ ಪರೀಕ್ಷೆ ಎಲ್ಲ ಕಡೆ ಪದ್ಧತಿ.

ಗಿರಿ_ಹಾಸನ · ಭಾನುವಾರ, ಬೆಳಿಗ್ಗೆ 7:15

ಸರ್, ತುಂಬಾ ಉಪಕಾರ ಆಯ್ತು. ತಮ್ಮ ಎರಡು ಸಲ ಓದಿದ. ಈಗ ಅವನ ಹೊಸ ವಾದ: "ಹುಟ್ಟಿದಾಗ ಬಿಸಿಜಿ ಹಾಕಿಸಿದ್ದಾರೆ, ತೋಳಲ್ಲಿ ಗುರುತಿದೆ, ಟೆಸ್ಟ್ ಪಾಸಿಟಿವ್ ಬಂದಿರೋದು ಅದಕ್ಕೇ." ರಿಪೋರ್ಟ್‌ನಲ್ಲಿ ನಿಲ್ 0.08, ಟಿಬಿ1 1.86, ಟಿಬಿ2 2.10, ಮೈಟೋಜೆನ್ ಹತ್ತಕ್ಕಿಂತ ಹೆಚ್ಚು ಅಂತಿದೆ. ತುಂಬಾ ಜಾಸ್ತಿನಾ ಇದು?

ಲ್ಯಾಬ್_ಶೈಲಾ_ಕುಡ್ಲ · ಭಾನುವಾರ, ಬೆಳಿಗ್ಗೆ 8:50

ಇದು ನನ್ನ ಟೇಬಲ್ಲಿನ ವಿಷಯ ಮಾರಾಯ್ರೇ, ನಾನು ಹೇಳ್ತೇನೆ.

ಟಿಬಿ ಗೋಲ್ಡ್ ಟೆಸ್ಟ್ ಬ್ಯಾಕ್ಟೀರಿಯಾವನ್ನು ಹುಡುಕುವುದೇ ಇಲ್ಲ. ನಾಲ್ಕು ಸಣ್ಣ ಟ್ಯೂಬ್ ಉಂಟು, ಮುಚ್ಚಳ ಬೂದು, ಹಸಿರು, ಹಳದಿ, ನೇರಳೆ. ಒಂದೊಂದಕ್ಕೆ ಒಂದು ಎಂಎಲ್ ರಕ್ತ. ಹಸಿರು, ಹಳದಿ ಟ್ಯೂಬಿನ ಒಳಗೋಡೆಗೆ ಟಿಬಿ ಬ್ಯಾಕ್ಟೀರಿಯಾದ ಪ್ರೊಟೀನ್ ಚೂರುಗಳನ್ನು ಹಚ್ಚಿರ್ತಾರೆ. ರಕ್ತ ಹಾಕಿ ಹತ್ತು ಸಲ ಮೇಲೆ ಕೆಳಗೆ ಅಲ್ಲಾಡಿಸ್ಬೇಕು, ಗೋಡೆಗೆಲ್ಲ ರಕ್ತ ತಾಗ್ಬೇಕು, ಆದ್ರೆ ಗಡಗಡ ಕುಲುಕಿದ್ರೆ ಜೆಲ್ ಒಡೆದು ರಿಸಲ್ಟ್ ಹಾಳು. ಫ್ರಿಜ್ಜಲ್ಲಿ ಇಡ್ಲಿಕ್ಕಿಲ್ಲ. ಯಾಕೆಂದ್ರೆ ಅದರೊಳಗಿನ ಟಿ ಕೋಶಗಳು ಬದುಕಿರ್ಬೇಕು. 37 ಡಿಗ್ರಿಯಲ್ಲಿ 16ರಿಂದ 24 ಗಂಟೆ ಇಟ್ಟ ಮೇಲೆ ಆ ಚೂರುಗಳನ್ನು ಮೊದಲೇ ಕಂಡ ಟಿ ಕೋಶಗಳಿದ್ರೆ ಇಂಟರ್‌ಫೆರಾನ್ ಗಾಮಾ ಬಿಟ್ಟಿರ್ತವೆ. ನಾವು ಅಳೆಯುವುದು ಅದನ್ನೇ. ಡಾಕ್ಟ್ರು ನಿನ್ನೆ ಹೇಳಿದ ಅದೇ ಅಣು!

ಬೂದು ಟ್ಯೂಬಲ್ಲಿ ಏನೂ ಇಲ್ಲ, ರಕ್ತದಲ್ಲಿ ಮೊದಲೇ ಎಷ್ಟಿತ್ತು ನೋಡ್ಲಿಕ್ಕೆ. ನೇರಳೆಯದ್ದರಲ್ಲಿ ಯಾವ ಟಿ ಕೋಶವನ್ನಾದ್ರೂ ಎಬ್ಬಿಸುವ ಮೈಟೋಜೆನ್. ನೇರಳೆಯಲ್ಲೂ ಏನೂ ಬಾರದಿದ್ರೆ ರಿಪೋರ್ಟ್ ಇಂಡಿಟರ್ಮಿನೇಟ್, ಅಂದ್ರೆ ಹೌದೋ ಅಲ್ಲವೋ ಹೇಳ್ಲಿಕ್ಕಾಗುವುದಿಲ್ಲ. ಸ್ಟೆರಾಯ್ಡ್ ಜಾಸ್ತಿ ತಗೊಳ್ಳುವವರಲ್ಲಿ ಹಾಗೆ ಆಗ್ತದೆ. ನಿಮ್ಮ ತಮ್ಮನದ್ದು ಹತ್ತರ ಮೇಲೆ, ಟೆಸ್ಟ್ ಸರಿಯಾಗಿ ನಡೆದಿದೆ. ನಿಲ್ ಕಳೆದು 0.35 ದಾಟಿದ್ರೆ ಪಾಸಿಟಿವ್, ಅಷ್ಟೇ ಲೆಕ್ಕ. 2 ಬಂದ್ರೆ ಜೋರು, 0.5 ಬಂದ್ರೆ ಸಣ್ಣದು ಅಂತ ಇಲ್ಲ. ಮಾತ್ರೆ ಮುಗಿಸಿದ ಮೇಲೂ ಪಾಸಿಟಿವ್ ಆಗಿಯೇ ಉಳಿಯಬಹುದು, ಪುನಃ ಮಾಡಿಸಿ ದುಡ್ಡು ಹಾಕ್ಬೇಡಿ.

ಬಿಸಿಜಿ ವಿಷಯ: ಟ್ಯೂಬಿಗೆ ಹಚ್ಚಿರುವ ಇಎಸ್‌ಎಟಿ-6, ಸಿಎಫ್‌ಪಿ-10 ಅನ್ನುವ ಪ್ರೊಟೀನ್ ಮಾಡುವ ಜೀನ್ ಬಿಸಿಜಿ ಬ್ಯಾಕ್ಟೀರಿಯಾದಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಬಿಸಿಜಿಯಿಂದ ಈ ಟೆಸ್ಟ್ ಪಾಸಿಟಿವ್ ಬರುವುದಿಲ್ಲ. ಕೈಗೆ ಚುಚ್ಚಿ 48–72 ಗಂಟೆ ಬಿಟ್ಟು ಗಡಸು ಅಳೆಯುವ ಹಳೇ ಮಾಂಟೂ ಟೆಸ್ಟಲ್ಲಿ ಆ ಗೊಂದಲ ಉಂಟು.

ಸೂಕ್ಷ್ಮದರ್ಶಕ · ಭಾನುವಾರ, ಬೆಳಿಗ್ಗೆ 10:20

ಶೈಲಾ ಅವರು ನನಗಿಂತ ಚೆನ್ನಾಗಿ ಹೇಳಿದ್ದಾರೆ. ಬಿಸಿಜಿ ಬಗ್ಗೆ ಇಷ್ಟು ಸೇರಿಸುತ್ತೇನೆ. ಫ್ರಾನ್ಸಿನ ವಿಜ್ಞಾನಿಗಳಾದ ಕಾಲ್ಮೆಟ್, ಗೆರಾಂ ಇಬ್ಬರೂ ದನದ ಟಿಬಿ ಬ್ಯಾಕ್ಟೀರಿಯಾವನ್ನು 13 ವರ್ಷ, 230 ಸಲ ಹೊಸ ಮಾಧ್ಯಮಕ್ಕೆ ದಾಟಿಸಿ ದಾಟಿಸಿ ಸಾಧು ಮಾಡಿದ್ದು. 1921ರಲ್ಲಿ ಮೊದಲ ಮಗುವಿಗೆ ಕೊಟ್ಟರು. ಎಳೆಮಕ್ಕಳಿಗೆ ಬರುವ ಮೆದುಳಿನ ಟಿಬಿ, ಮೈಯೆಲ್ಲ ಹರಡುವ ಟಿಬಿಯಿಂದ ಅದು ಕಾಪಾಡುತ್ತದೆ. ದೊಡ್ಡವರ ಶ್ವಾಸಕೋಶದ ಟಿಬಿಯನ್ನು ತಡೆಯುತ್ತದಾ ಅಂತ ಪಕ್ಕದ ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ 1968ರಿಂದ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರಲ್ಲಿ ನೋಡಿದರು. ರಕ್ಷಣೆ ಸಿಗಲಿಲ್ಲ. ತೋಳಿನ ಗುರುತು ಮೂವತ್ತರ ಹುಡುಗನಿಗೆ ಗ್ಯಾರಂಟಿ ಕಾರ್ಡ್ ಅಲ್ಲ.

ಅದೇ ಬಿಸಿಜಿಯಿಂದ ಇಂಟರ್‌ಫೆರಾನ್ ಗಾಮಾದ ಬೆಲೆಯೂ ತಿಳಿಯಿತು. ಲಕ್ಷಾಂತರ ಮಕ್ಕಳಿಗೆ ಏನೂ ಹಾನಿ ಮಾಡದ ಈ ಲಸಿಕೆ ಎಲ್ಲೋ ಒಂದು ಮಗುವಿನ ಮೈಯೆಲ್ಲ ಹರಡಿಬಿಡುತ್ತಿತ್ತು. 1996ರಲ್ಲಿ ಕಾರಣ ಸಿಕ್ಕಿತು. ಅಂಥ ಮಕ್ಕಳಲ್ಲಿ ಇಂಟರ್‌ಫೆರಾನ್ ಗಾಮಾವನ್ನು ಹಿಡಿದುಕೊಳ್ಳುವ ರಿಸೆಪ್ಟರಿನ ಜೀನೇ ಕೆಟ್ಟಿತ್ತು. ಆಮೇಲೆ ಐಎಲ್-12 ರಿಸೆಪ್ಟರ್ ಕೆಟ್ಟ ಮಕ್ಕಳೂ ಸಿಕ್ಕರು. ಅವರಿಗೆ ಸಾಲ್ಮೊನೆಲ್ಲಾ ಸಹ ಪದೇಪದೇ ಕಾಡುತ್ತದೆ, ಅದೂ ಮ್ಯಾಕ್ರೋಫೇಜ್ ಒಳಗೇ ಅಡಗುವ ಬ್ಯಾಕ್ಟೀರಿಯಾ. ತಂದೆತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ ಆಗುವ ದೋಷವಾದ್ದರಿಂದ ಒಳಸಂಬಂಧದ ಮದುವೆಗಳಲ್ಲಿ ಸಾಧ್ಯತೆ ಹೆಚ್ಚು. ಸೋದರಮಾವನ ಜೊತೆ ಮದುವೆ ನಡೆಯುವ ನಮ್ಮ ಕಡೆ ಮಕ್ಕಳ ಡಾಕ್ಟರುಗಳು ಇದನ್ನು ಮನಸ್ಸಲ್ಲಿ ಇಟ್ಟುಕೊಳ್ಳಬೇಕು.

ಹುಬ್ಳಿ_ಮಂದಿ · ಭಾನುವಾರ, ಮಧ್ಯಾಹ್ನ 12:45

ಎಲ್ಲಾ ಓದಿದ್ನಿರಿ. ಆದ್ರ ಒಂದು ತಿಳೀವಲ್ದು. ಒಳಗಿನ ಶಕ್ತಿ ಕಡಿಮಿ ಆತಂದ್ರ ಟಿಬಿ ಏಳ್ತೈತಿ ಅಂತೀರಿ. ಹಂಗಾದ್ರ ಇಮ್ಯುನಿಟಿ ಜಾಸ್ತಿ ಮಾಡ್ಕೊಂಡ್ರ ಮುಗೀತಲ್ರಿ? ಅಮೃತಬಳ್ಳಿ ಕಷಾಯ ಐತಿ, ಅರಿಷಿಣ ಹಾಲು ಐತಿ. ನಮ್ಮ ಕಾಕಾ ದಿನಾ ಕುಡೀತಾನ, ಎಂಬತ್ತು ದಾಟ್ಯಾನ. ಇವ್ರು ಒಂದು ಕಡೆ ಶಕ್ತಿ ಇಳಿಸೋ ಇಂಜೆಕ್ಷನ್ ಕೊಡ್ತಾರ, ಅದ್ರ ಕಾಟಕ್ಕ ಇನ್ನೊಂದು ಮಾತ್ರಿ ಕೊಡ್ತಾರ. ಇದೆಂಥಾ ಲೆಕ್ಕರಿ?

ಸೂಕ್ಷ್ಮದರ್ಶಕ · ಭಾನುವಾರ, ಮಧ್ಯಾಹ್ನ 3:10

ಕಾಕಾ ಅವರು ನೂರು ದಾಟಲಿ. ಆದರೆ "ಇಮ್ಯುನಿಟಿ" ಅಂತ ಏರಿಸಿ ಇಳಿಸುವ ಒಂದು ಗುಂಡಿ ಮೈಯಲ್ಲಿ ಎಲ್ಲೂ ಇಲ್ಲ ಸಾಹೇಬ್ರೇ. ಗಿರಿಯವರ ತಮ್ಮನ ಸೊಂಟ ಹಿಡಿದಿರುವುದೇ ಟಿಎನ್‌ಎಫ್ ಹೆಚ್ಚಾಗಿ. ಇನ್ನೂ ಏರಿಸಿದರೆ ಏನು ಗತಿ?

ಟಿಬಿಯಲ್ಲೂ ಹೆಚ್ಚಾದರೆ ಕೇಡೇ. ಬರೋಡದಲ್ಲಿ ಎಂಬಿಬಿಎಸ್ ಓದಿ ಈಗ ಕೇಂಬ್ರಿಡ್ಜ್‌ನಲ್ಲಿರುವ ಲಲಿತಾ ರಾಮಕೃಷ್ಣನ್ ಇದನ್ನು ಜೀಬ್ರಾಫಿಶ್ ಮರಿಗಳಲ್ಲಿ ತೋರಿಸಿದ್ದಾರೆ. ಆ ಮರಿಗಳ ಮೈ ಗಾಜಿನಷ್ಟು ಪಾರದರ್ಶಕ. ಮೀನಿಗೆ ಬರುವ ಟಿಬಿಯ ನೆಂಟ ಬ್ಯಾಕ್ಟೀರಿಯಾಕ್ಕೆ ಹೊಳೆಯುವ ಬಣ್ಣ ಕೊಟ್ಟು ಚುಚ್ಚಿದರೆ, ಮ್ಯಾಕ್ರೋಫೇಜ್ ಬಂದು ನುಂಗುವುದನ್ನು ಬದುಕಿರುವ ಮೀನಿನಲ್ಲೇ ಮೈಕ್ರೋಸ್ಕೋಪಿನಡಿ ನೋಡಬಹುದು. ಟಿಎನ್‌ಎಫ್ ಇಲ್ಲದ ಮರಿಗಳಲ್ಲಿ ಮ್ಯಾಕ್ರೋಫೇಜ್ ಒಳಗೆ ಬ್ಯಾಕ್ಟೀರಿಯಾ ತುಂಬಿ ಕೋಶ ಒಡೆಯುತ್ತದೆ. ಟಿಎನ್‌ಎಫ್ ಅತಿಯಾದ ಮರಿಗಳಲ್ಲಿ ಮೊದಲು ಬ್ಯಾಕ್ಟೀರಿಯಾ ಸಾಯುತ್ತದೆ ನಿಜ, ಆದರೆ ಕೋಶದ ಮೈಟೋಕಾಂಡ್ರಿಯಾದಲ್ಲಿ ವಿಷಕಾರಿ ಆಮ್ಲಜನಕದ ರೂಪಗಳು ಹೆಚ್ಚಾಗಿ ಮ್ಯಾಕ್ರೋಫೇಜ್ ತಾನೇ ಸಿಡಿಯುತ್ತದೆ. ಉಳಿದ ಬ್ಯಾಕ್ಟೀರಿಯಾ ಹೊರಬಿದ್ದು ತಡೆಯಿಲ್ಲದೆ ಬೆಳೆಯುತ್ತದೆ. ಎರಡು ದಾರಿಯೂ ಒಂದೇ ಕಡೆಗೆ.

ಗ್ರಾನುಲೋಮಾ ನಮ್ಮದೇ ಕಟ್ಟಡ ಅನ್ನುವ ನಂಬಿಕೆಯನ್ನೂ ಆಕೆ ಅಲುಗಾಡಿಸಿದರು. ಸೋಂಕಿನ ಮೊದಲ ದಿನಗಳಲ್ಲಿ ಬ್ಯಾಕ್ಟೀರಿಯಾವೇ ಹೊಸ ಮ್ಯಾಕ್ರೋಫೇಜ್‌ಗಳನ್ನು ಕರೆಸಿಕೊಂಡು, ಸತ್ತದ್ದನ್ನು ನುಂಗಲು ಬಂದವುಗಳೊಳಗೆ ಹೊಕ್ಕು ಹರಡಿಕೊಳ್ಳುವುದು ಮೀನಿನಲ್ಲಿ ಕಂಡಿತು. ನನ್ನ ಪ್ರಕಾರ ಕಳೆದ ಇಪ್ಪತ್ತು ವರ್ಷದಲ್ಲಿ ಟಿಬಿ ಬಗ್ಗೆ ಬಂದ ಅತ್ಯಂತ ಚಂದದ ಕೆಲಸ ಇದು.

ಟಿಬಿ ರೋಗಿ ಸೊರಗುವುದರಲ್ಲೂ ಟಿಎನ್‌ಎಫ್ ಪಾತ್ರವಿದೆ. ಪ್ರಾಣಿಗಳನ್ನು ಸೊರಗಿಸುವ ಅಣು ಅಂತ ಒಂದು ಗುಂಪು ಹುಡುಕಿದ್ದೂ, ಗೆಡ್ಡೆಯನ್ನು ಕೊಲ್ಲುವ ಅಣು ಅಂತ 1975ರಲ್ಲಿ ಇನ್ನೊಂದು ಗುಂಪು ಹುಡುಕಿದ್ದೂ ಒಂದೇ ಅಂತ 1985ರಲ್ಲಿ ಗೊತ್ತಾಯಿತು. ಮೆದುಳಿನ ಟಿಬಿಗೆ ಟಿಬಿ ಮಾತ್ರೆಯ ಜೊತೆ ಉರಿಯೂತ ತಗ್ಗಿಸುವ ಸ್ಟೆರಾಯ್ಡ್ ಕೊಡುವುದೂ ಇದೇ ಕಾರಣಕ್ಕೆ.

ಅಮೃತಬಳ್ಳಿ ಬಗ್ಗೆ ಒಂದು ಎಚ್ಚರಿಕೆ. 2021ರಲ್ಲಿ ಮುಂಬೈನ ಲಿವರ್ ತಜ್ಞರು ಅದನ್ನು ತಗೊಳ್ಳುತ್ತಿದ್ದ ಕೆಲವರಲ್ಲಿ ಲಿವರ್ ಹಾನಿಯನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಆ ತೀರ್ಮಾನವನ್ನು ಒಪ್ಪಲಿಲ್ಲ. ಆ ಜಗಳ ಹಾಗಿರಲಿ, ಐಸೋನಿಯಾಜಿಡ್ ಲಿವರಿಗೆ ಭಾರ ಅನ್ನುವುದರಲ್ಲಿ ಜಗಳವೇ ಇಲ್ಲ. ಮಾತ್ರೆ ನಡೆಯುವಷ್ಟು ದಿನ ಕಷಾಯ, ಮದ್ಯ ಎರಡನ್ನೂ ದೂರ ಇಡುವುದು ಒಳ್ಳೆಯದು.

ಲ್ಯಾಬ್_ಶೈಲಾ_ಕುಡ್ಲ · ಭಾನುವಾರ, ಸಂಜೆ 4:00

ಹುಬ್ಳಿಯವರೇ, ಬೇಜಾರು ಮಾಡ್ಬೇಡಿ, ನಿಮ್ಮ ಮಾತಲ್ಲಿ ಅರ್ಧ ನಿಜ ಉಂಟು. ಹೊಟ್ಟೆಗೆ ಸರಿಯಾಗಿ ಬಿದ್ರೆ ಟಿಬಿ ಕಡಿಮೆ ಆಗ್ತದೆ. ಇದನ್ನು ಗಟ್ಟಿಯಾಗಿ ತೋರಿಸಿದ್ದು ನಮ್ಮ ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತೆ ಅವರ ತಂಡ. ಜಾರ್ಖಂಡಿನ ನಾಲ್ಕು ಜಿಲ್ಲೆಯಲ್ಲಿ ಟಿಬಿ ರೋಗಿಗಳ ಮನೆಯ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ನೋಡಿದ್ರು. ಒಂದು ಗುಂಪಿನ ಮನೆಯವರಿಗೆಲ್ಲ ದಿನಕ್ಕೆ 750 ಕ್ಯಾಲೊರಿ, 23 ಗ್ರಾಂ ಪ್ರೊಟೀನ್ ಲೆಕ್ಕದಲ್ಲಿ ಅಕ್ಕಿ ಬೇಳೆ ರೇಷನ್ ಜೊತೆಗೆ ವಿಟಮಿನ್ ಮಾತ್ರೆ. ಅವರಲ್ಲಿ ಹೊಸದಾಗಿ ಟಿಬಿ ಬಂದದ್ದು 39% ಕಡಿಮೆ. 2023ರಲ್ಲಿ ಪ್ರಕಟ ಆಯ್ತು. ಅಕ್ಕಿ ಬೇಳೆ ನೋಡಿ, ಯಾವ ಬೂಸ್ಟರ್ ಪುಡಿಯೂ ಅಲ್ಲ. ಹಸಿದ ಮೈಯಲ್ಲಿ ಟಿ ಕೋಶ ವಂಶ ಬೆಳೆಸುವುದು ಎಲ್ಲಿಂದ?

ಹುಬ್ಳಿ_ಮಂದಿ · ಭಾನುವಾರ, ಸಂಜೆ 4:20

ಹಾಂ, ಇದು ಒಪ್ಪೋ ಮಾತು ಅಕ್ಕಾರ. ರೊಟ್ಟಿ, ಬ್ಯಾಳಿ, ಶೇಂಗಾ ಹಿಂಡಿ. ಕಾಕಾ ಅದನ್ನೂ ಬಿಡಂಗಿಲ್ಲ.

ಬಿಎಸ್ಸಿ_ಕೊನೆಬೆಂಚು · ಭಾನುವಾರ, ಸಂಜೆ 6:30

ಸರ್, ಸ್ವಲ್ಪ ವಿಷಯಾಂತರ. ನಮ್ಮ ಸಿಲಬಸ್‌ನಲ್ಲಿ ಬ್ಯಾಕ್ಟೀರಿಯಾ ಬಂದರೆ ಮೊದಲು ಬರೋದು ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣ ಅಂತಿದೆ. ನೀವು ಅದರ ಹೆಸರೇ ಹೇಳಲಿಲ್ಲ. ಕುರು ಆದರೆ ಕೆಂಪಗೆ, ಬಿಸಿಯಾಗಿ, ಕೀವು ತುಂಬುತ್ತೆ. ಟಿಬಿಯಲ್ಲಿ ಅದೆಲ್ಲ ಯಾಕೆ ಇಲ್ಲ?

ಸೂಕ್ಷ್ಮದರ್ಶಕ · ಭಾನುವಾರ, ರಾತ್ರಿ 9:00

ಕೊನೆ ಬೆಂಚಿನಿಂದಲೇ ಯಾವಾಗಲೂ ಒಳ್ಳೆ ಪ್ರಶ್ನೆ ಬರೋದು.

ಕುರುವಿನ ಸ್ಟ್ಯಾಫಿಲೋಕಾಕಸ್ ಚರ್ಮದೊಳಗೆ ಹೊಕ್ಕಿತು ಅಂದುಕೋ. ಅಲ್ಲಿರುವ ಮ್ಯಾಕ್ರೋಫೇಜ್ ಮೇಲೆ ಟೋಲ್ ಮಾದರಿಯ ರಿಸೆಪ್ಟರ್‌ಗಳಿವೆ. ಬ್ಯಾಕ್ಟೀರಿಯಾದ ಹೊರಕವಚದಲ್ಲಿ ಮಾತ್ರ ಇರುವ ವಸ್ತುಗಳನ್ನು ಅವು ಹಿಡಿಯುತ್ತವೆ. ಟೋಲ್ ಅನ್ನುವುದು ಮೊದಲು ಹಣ್ಣಿನ ನೊಣದಲ್ಲಿ ಸಿಕ್ಕಿದ ಜೀನು. ನೊಣದ ಮೇಲೆ ಕೆಲಸ ಮಾಡಿದ ಹಾಫ್‌ಮನ್, ಇಲಿಯ ಮೇಲೆ ಮಾಡಿದ ಬ್ಯೂಟ್ಲರ್ ಇಬ್ಬರಿಗೂ 2011ರ ನೊಬೆಲ್ ಬಂತು. (1985ರ ಸೊರಗಿಸುವ ಅಣುವಿನ ಕೆಲಸದಲ್ಲೂ ಇದೇ ಬ್ಯೂಟ್ಲರ್ ಇದ್ದರು.) ರಿಸೆಪ್ಟರ್ ತಟ್ಟಿದ ಕೂಡಲೇ ಐಎಲ್-1, ಟಿಎನ್‌ಎಫ್, ಐಎಲ್-8 ಹೊರಡುತ್ತವೆ. ಮೊದಲೆರಡು ರಕ್ತನಾಳದ ಒಳಮೈಯಲ್ಲಿ ಸೆಲೆಕ್ಟಿನ್ ಅನ್ನುವ ಕೊಂಡಿಗಳನ್ನು ಎಬ್ಬಿಸುತ್ತವೆ. ರಕ್ತದಲ್ಲಿ ಓಡುತ್ತಿದ್ದ ನ್ಯೂಟ್ರೋಫಿಲ್ ಆ ಕೊಂಡಿಗೆ ಸಿಕ್ಕಿ ಉರುಳುತ್ತಾ ನಿಧಾನವಾಗಿ, ಗಟ್ಟಿಯಾಗಿ ಅಂಟಿ, ಗೋಡೆಯ ಸಂದಿಯಲ್ಲಿ ತೂರಿ ಹೊರಬರುತ್ತದೆ. ಐಎಲ್-8 ಎಲ್ಲಿ ದಟ್ಟವಾಗಿದೆಯೋ ಅತ್ತ ಹರಿಯುತ್ತದೆ. ಇದೆಲ್ಲ ಗಂಟೆಗಳ ಲೆಕ್ಕ, ಟಿ ಕೋಶದ ಹಾಗೆ ವಾರಗಳಲ್ಲ. ನಾಳ ಹಿಗ್ಗುವುದರಿಂದ ಕೆಂಪು, ಬಿಸಿ. ದ್ರವ ಸೋರುವುದರಿಂದ ಊತ.

ನ್ಯೂಟ್ರೋಫಿಲ್ ನುಂಗಿ ಕೊಲ್ಲುವಾಗ ಸೂಪರ್‌ಆಕ್ಸೈಡ್ ಮಾಡುತ್ತದೆ, ಅದರಿಂದ ಹೈಡ್ರೋಜನ್ ಪೆರಾಕ್ಸೈಡ್, ಅದರಿಂದ ಮೈಲೋಪೆರಾಕ್ಸಿಡೇಸ್ ಅನ್ನುವ ಕಿಣ್ವ ಬ್ಲೀಚಿಂಗ್ ಪುಡಿಯ ಬಂಧುವಾದ ಹೈಪೋಕ್ಲೋರಸ್ ಆಮ್ಲ ಮಾಡುತ್ತದೆ. ಆ ಕಿಣ್ವದ ಬಣ್ಣ ಹಸಿರು, ಕೀವಿಗೆ ಹಸಿರು ಛಾಯೆ ಬರುವುದು ಅದರಿಂದ. ಕೀವು ಅಂದರೆ ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳೇ. ಸಾಯುವಾಗಲೂ ಕೆಲವು ತಮ್ಮ ಡಿಎನ್‌ಎ ಎಳೆಗಳನ್ನೇ ಹೊರಚೆಲ್ಲಿ ಬ್ಯಾಕ್ಟೀರಿಯಾವನ್ನು ಸಿಕ್ಕಿಸುತ್ತವೆ ಅಂತ 2004ರಲ್ಲಿ ಕಂಡುಕೊಂಡರು. ರಕ್ತದಲ್ಲಿ ಇವುಗಳ ಆಯಸ್ಸು ಕಡಿಮೆ, ಮೂಳೆಮಜ್ಜೆ ದಿನಕ್ಕೆ ಹತ್ತು ಸಾವಿರ ಕೋಟಿಯಷ್ಟು ಹೊಸದನ್ನು ಕಳಿಸುತ್ತದೆ.

ಟಿಬಿಯಲ್ಲೂ ನ್ಯೂಟ್ರೋಫಿಲ್ ಬರುತ್ತದೆ, ಆದರೆ ಮೇಣದ ಕವಚ ಹೊದ್ದ ಆ ಬ್ಯಾಕ್ಟೀರಿಯಾವನ್ನು ಮುಗಿಸಲು ಅದಕ್ಕೆ ಆಗದು. ರೋಗ ಜೋರಾದವರಲ್ಲಿ ಅದು ಹೆಚ್ಚಾಗಿ ಬಂದು ಶ್ವಾಸಕೋಶವನ್ನೇ ಹಾಳು ಮಾಡುವುದುಂಟು. ಕುತ್ತಿಗೆಯ ಗಂಟುಗಳಿಗೆ ಬರುವ ಟಿಬಿ, ಅಂದರೆ ಗಂಡಮಾಲೆ, ಮೆತ್ತಗಾಗಿ ಒಳಗೆ ತುಂಬುವುದು ಚೀಸ್‌ನಂಥ ಸತ್ತ ಅಂಗಾಂಶ. ಮುಟ್ಟಿದರೆ ಬಿಸಿಯಿಲ್ಲ, ಕೆಂಪಿಲ್ಲ. ಸರ್ಜನ್‌ಗಳು ಅದಕ್ಕೇ ಕೋಲ್ಡ್ ಅಬ್ಸೆಸ್ ಅನ್ನುವುದು.

ದೂರದೂರು_ಜರ್ಸಿ · ಸೋಮವಾರ, ಬೆಳಿಗ್ಗೆ 6:10

ಇಲ್ಲಿ ಗ್ರೀನ್‌ಕಾರ್ಡ್ ಮೆಡಿಕಲ್‌ಗೆ ಇದೇ ರಕ್ತಪರೀಕ್ಷೆ ಕಡ್ಡಾಯ. ನಮ್ಮ ಆಫೀಸಿನ ಭಾರತದವರಲ್ಲಿ ಪಾಸಿಟಿವ್ ಬಂದವರು ಸುಮಾರು ಜನ, ನಾನೂ ಒಬ್ಬ. ನನಗೆ ಕೊಟ್ಟಿದ್ದು ರಿಫಾಂಪಿಸಿನ್, ನಾಲ್ಕು ತಿಂಗಳು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ, ಗಾಬರಿ ಬೇಡ ಅಂತ ಮೊದಲೇ ಹೇಳಿದ್ರು, ಆದ್ರೂ ಗಾಬರಿಯಾಯ್ತು. ಕಾಂಟ್ಯಾಕ್ಟ್ ಲೆನ್ಸ್ ಹಾಕೋರು ಹುಷಾರು, ಅದಕ್ಕೂ ಬಣ್ಣ ಹತ್ತುತ್ತೆ.

ನಿರ್ವಾಹಕ · ಸೋಮವಾರ, ಬೆಳಿಗ್ಗೆ 9:00

ಇಂಜೆಕ್ಷನ್ ಬ್ರ್ಯಾಂಡ್, ಬೆಲೆ, "ಎಲ್ಲಿ ಕಡಿಮೆಗೆ ಸಿಗುತ್ತೆ" ಕುರಿತ ಐದಾರು ಪ್ರತಿಕ್ರಿಯೆಗಳನ್ನು ಬೇರೆ ಎಳೆಗೆ ಸರಿಸಲಾಗಿದೆ. ಇಲ್ಲಿ ಯಾರೂ ಡೋಸ್ ಬರೆದುಕೊಡಬೇಡಿ, ದಯವಿಟ್ಟು.

ಗಿರಿ_ಹಾಸನ · ಸೋಮವಾರ, ರಾತ್ರಿ 8:30

ತಮ್ಮ ಮಾತ್ರೆಗೆ ಒಪ್ಪಿದ್ದಾನೆ! ಅಮ್ಮ ಊಟಾನೂ ಮಾಡಿದ್ರು, ಆದ್ರೆ ಅವನ ತಟ್ಟೆ ಲೋಟ ಬೇರೆ ಇಟ್ಟಿದ್ದಾರೆ, ಅದನ್ನ ಬಿಡಿಸಬೇಕು. ಇನ್ನೆರಡು ಪ್ರಶ್ನೆ ಇದೆ ಸರ್. ಟಿಎನ್‌ಎಫ್ ಮುಟ್ಟದೆ ಬೆನ್ನಿಗೆ ಬೇರೆ ಇಂಜೆಕ್ಷನ್ ಇಲ್ವಾ? ಇಂಜೆಕ್ಷನ್ ಶುರುವಾದ ಮೇಲೆ ಏನೇನು ಗಮನಿಸಬೇಕು?

ಸೂಕ್ಷ್ಮದರ್ಶಕ · ಸೋಮವಾರ, ರಾತ್ರಿ 10:15

ತಟ್ಟೆ ಲೋಟ ಬೇರೆ ಇಡುವ ಅಗತ್ಯ ಖಂಡಿತ ಇಲ್ಲ. ಸುಪ್ತ ಟಿಬಿ ಅಂಟುವುದಿಲ್ಲ, ಇನ್ನು ಶ್ವಾಸಕೋಶದ ರೋಗವೇ ಇದ್ದವರಿಂದಲೂ ಅದು ಹರಡುವುದು ಗಾಳಿಯಿಂದ, ತಟ್ಟೆಯಿಂದಲ್ಲ.

ಬೇರೆ ಇಂಜೆಕ್ಷನ್ ಇದೆ. ಸೆಕುಕಿನುಮ್ಯಾಬ್ ಅಂತ, ಅದು ಐಎಲ್-17 ಅನ್ನುವ ಅಣುವನ್ನು ಕಟ್ಟಿಹಾಕುತ್ತದೆ. ಐಎಲ್-17ರ ಮುಖ್ಯ ಕೆಲಸ ನ್ಯೂಟ್ರೋಫಿಲ್ ಕರೆಸುವುದು, ಚರ್ಮ ಮತ್ತು ಲೋಳೆಪೊರೆಯನ್ನು ಕಾಯುವುದು. ಹಾಗಾಗಿ ಅದನ್ನು ತಡೆದರೆ ಟಿಬಿ ಏಳುವ ಭಯ ಬಹಳ ಕಡಿಮೆ, ಬದಲಿಗೆ ಬಾಯಲ್ಲಿ ಕ್ಯಾಂಡಿಡಾ ಫಂಗಸ್ ಬರಬಹುದು. ಟಿಎನ್‌ಎಫ್ ಗುಂಪಿನಲ್ಲೇ ಎಟಾನರ್ಸೆಪ್ಟ್‌ಗೆ ಟಿಬಿ ಅಪಾಯ ಅಡಾಲಿಮುಮ್ಯಾಬ್‌ಗಿಂತ ಕಡಿಮೆ. ಆದರೆ ಇವಕ್ಕೂ ಮುಂಚೆ ಟಿಬಿ ಪರೀಕ್ಷೆ ಮಾಡಿಸುತ್ತಾರೆ. ಯಾವುದು ತಮ್ಮನಿಗೆ ಹೊಂದುತ್ತದೆ ಅನ್ನುವುದಕ್ಕೆ ಕಣ್ಣಿನ ಉರಿಯೂತ, ಕರುಳಿನ ತೊಂದರೆ ಹಿಂದೆ ಇತ್ತಾ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ, ರುಮಟಾಲಜಿಸ್ಟ್ ಹತ್ತಿರ ನೇರವಾಗಿ ಕೇಳಿ.

ಗಮನಿಸುವ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಮಾಮೂಲಿ ಸೋಂಕಿನಲ್ಲಿ ಐಎಲ್-1, ಐಎಲ್-6, ಟಿಎನ್‌ಎಫ್ ಮೂರೂ ಸೇರಿ ಮೆದುಳಿನ ಹೈಪೋಥಲಾಮಸ್‌ನಲ್ಲಿ ಪ್ರೊಸ್ಟಾಗ್ಲಾಂಡಿನ್ ಹೆಚ್ಚಿಸಿ ಜ್ವರ ಬರಿಸುತ್ತವೆ. ಐಎಲ್-6 ಲಿವರಿಗೆ ಹೇಳಿ, ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಪ್ರೊಟೀನ್ ಆದ ಸಿಆರ್‌ಪಿ ಮಾಡಿಸುತ್ತದೆ. ನಾವು ಡಾಕ್ಟರುಗಳು ಸೋಂಕನ್ನು ಪತ್ತೆ ಹಚ್ಚುವುದು ಈ ಸದ್ದಿನಿಂದಲೇ. ಇಂಥ ಇಂಜೆಕ್ಷನ್ ತಗೊಳ್ಳುವವರಲ್ಲಿ ಸದ್ದು ತಗ್ಗಿರುತ್ತದೆ, ಐಎಲ್-6 ತಡೆಯುವ ಟಾಸಿಲಿಜುಮ್ಯಾಬ್ ಆದರಂತೂ ಒಳಗೆ ಸೋಂಕಿದ್ದರೂ ಸಿಆರ್‌ಪಿ ನಾರ್ಮಲ್ ಬರಬಹುದು. ಆದ್ದರಿಂದ ಜೋರು ಜ್ವರ ಬರಲಿ ಅಂತ ಕಾಯಬೇಡಿ. ಸಂಜೆ ಮೈ ಸ್ವಲ್ಪ ಬಿಸಿ, ಕಾರಣವಿಲ್ಲದೆ ತೂಕ ಇಳಿಯುವುದು, ಕುತ್ತಿಗೆಯಲ್ಲಿ ಗಂಟು, ಹೊಟ್ಟೆ ಉಬ್ಬುವುದು, ರಾತ್ರಿ ಬೆವರು: ಇವುಗಳಲ್ಲಿ ಯಾವುದು ಎರಡು ವಾರ ಉಳಿದರೂ ಡಾಕ್ಟರ ಹತ್ತಿರ ಹೋಗಿ, ಬೇರೆ ಯಾವ ಡಾಕ್ಟರಾದರೂ ಅವರಿಗೆ ನೀವು ಮೊದಲು ಹೇಳಬೇಕಾದ್ದು ಇಂಜೆಕ್ಷನ್ ಹೆಸರು. ಮೊದಲ ವರ್ಷ ಹೆಚ್ಚು ಜಾಗ್ರತೆ. ಮಾತ್ರೆ ನಡೆಯುವಾಗ ವಾಕರಿಕೆ, ಕಣ್ಣು ಹಳದಿ, ಮೂತ್ರ ಕಡು ಬಣ್ಣ ಕಂಡರೆ ಅಂದೇ ಮಾತ್ರೆ ನಿಲ್ಲಿಸಿ ಫೋನ್ ಮಾಡಿ. ಕಿತ್ತಳೆ ಬಣ್ಣ ರಿಫಾಂಪಿಸಿನ್ ತಗೊಳ್ಳುವವರಿಗೆ ಮಾತ್ರ ಮಾಮೂಲು, ಐಸೋನಿಯಾಜಿಡ್ ಒಂದೇ ತಗೊಳ್ಳುವವರಿಗೆ ಅಲ್ಲ.

ಮಂಗಳಕ್ಕ_ಮೈಸೂರು · ಸೋಮವಾರ, ರಾತ್ರಿ 10:40

ಗಿರಿ, ಇಂಜೆಕ್ಷನ್ ಹೆಸರು, ಶುರು ಮಾಡಿದ ತಾರೀಖು ಬರೆದು ಆಧಾರ್ ಕಾರ್ಡ್ ಹಿಂದೆ ಪರ್ಸಲ್ಲಿ ಇಡೋಕೆ ಹೇಳು. ನನ್ನದೂ ಅಲ್ಲೇ ಇರೋದು. ಮತ್ತೆ ಇಂಜೆಕ್ಷನ್ ಫ್ರಿಜ್ಜಿನ ಬಾಗಿಲಲ್ಲಿ ಇಡಬೇಡಿ, ನಡುವಿನ ತಟ್ಟೆಯಲ್ಲಿಡಿ. ಫ್ರೀಜರ್‌ನಲ್ಲಂತೂ ಬೇಡವೇ ಬೇಡ, ಹೆಪ್ಪುಗಟ್ಟಿದರೆ ಎಸೆಯಬೇಕಾಗುತ್ತೆ.